ಕಾಕಿ ಉಳಿಸಿದ ಜಾಲಿ

ನಮ್ಮ ಚಂದ್ರಭಾಗಾ ಕಾಕಿ ಔರಾದ ಕಡೆಯ ಕುರುಬರ ಮಗಳು. ನಮ್ಮೂರು ಚಿಂತಾಕಿಗೆ ಸೊಸೆಯಾಗಿ ಬಂದ ವರ್ಷ, ಗೊಬ್ಬರವಾಗಲಿ ಎಂದು ತವರಿನ ಕುರಿಗಳನ್ನು ನಾಲ್ಕು ಎಕರೆ ಇಳಿಜಾರು ಹೊಲದಲ್ಲಿ ಕೂಡಿಸಿದಳು. ಬೇಸಿಗೆಯಲ್ಲಿ ಕುರಿ ಕರಿಜಾಲಿಯ ಕಾಯಿ ತಿಂದಿರುತ್ತವೆ. ಹಿಕ್ಕೆಯಲ್ಲಿ ಬಿದ್ದ ಬೀಜ ಮೊದಲ ಮಳೆಗೇ ಮೊಳೆಯುತ್ತದೆ. ಎಲ್ಲರೂ ಅದನ್ನು ಕಳೆಯ ಜೊತೆ ಕಿತ್ತೆಸೆಯುತ್ತಾರೆ. ಕಾಕಿ ಮಾತ್ರ ಇಳಿಜಾರಿಗೆ ಅಡ್ಡಲಾಗಿ ಹತ್ತು ಹೆಜ್ಜೆಗೊಂದು ಸಸಿ ಉಳಿಸಿಕೊಂಡಳು.

"ಹೊಲದಾಗ ಮುಳ್ಳು ಸಾಕ್ಯಾಳ" ಎಂದು ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ ಬಕ್ಕಪ್ಪ ಕಾಕಾ. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿದಾಗಲೆಲ್ಲ ಅವಳಿಗೆ ಬೈಗುಳ. ಅವಳು ಕೆಳಗಿನ ಟೊಂಗೆ ಸವರಿ, ಮುಳ್ಳನ್ನೆಲ್ಲ ಬದುವಿಗೆ ಒಟ್ಟಿ, ಸುಮ್ಮನೆ ದುಡಿದಳು. ಹತ್ತು ವರ್ಷದಲ್ಲಿ ಪಕ್ಕದವರ ಮಣ್ಣು ಹಳ್ಳ ಸೇರಿತು. ಇವಳದ್ದು ಗಿಡದ ಬುಡದಲ್ಲಿ ನಿಂತಿತು. ತೊಗರಿ ಎದೆಮಟ್ಟ ಬಂತು.

ಆಗ ಈ ಹೊಲ ನೋಡಲು ಬೀದರದಿಂದ ರೈತರನ್ನು ತುಂಬಿಕೊಂಡು ಒಂದು ಬಸ್ಸು ಬಂತು, ಜೊತೆಗೆ ಕೃಷಿ ಇಲಾಖೆಯ ಒಬ್ಬ ಸಾಹೇಬರು. "ಇದೆಲ್ಲ ಯಾರು ಮಾಡಿದ್ದು?" ಎಂದು ಕೇಳಿದರು. ಕಾಕಿ ಒಲೆಯ ಮುಂದೆ ಅವರಿಗೇ ರೊಟ್ಟಿ ಬಡಿಯುತ್ತಿದ್ದಳು. "ನಾನೇ ರೀ" ಎಂದ ಕಾಕಾ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬೀದರಕ್ಕೆ ಕರೆಸಿ ಅವನಿಗೆ ಶಾಲು ಹೊದಿಸಿದರು. ಅಂದಿನಿಂದ ಊರೂರು ತಿರುಗಿ ಗಿಡದ ಬಗ್ಗೆ ಭಾಷಣ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಕಾಕಿಗೆ ಸಿಟ್ಟೇ ಬರಲಿಲ್ಲ. "ಗಿಡ ಅಂತೂ ನಮ್ಮ ಹೊಲದಾಗೇ ಅವ, ಬಿಡು" ಎಂದಳು.

ಭಾಲ್ಕಿಯ ಸಭೆಯೊಂದರಲ್ಲಿ ಒಬ್ಬ ರೈತ ಕೇಳಿದ: "ಕಡಿದ್ರ ಮತ್ತ ಚಿಗೀತಾವೇನ್ರಿ?"

ಗಿಡದ ಕಡೆ ಒಂದು ದಿನವೂ ಕಣ್ಣೆತ್ತಿ ನೋಡದ ಕಾಕಾನಿಗೆ ಕಡಿದಷ್ಟೂ ಚಿಗುರುವ ಮನೆ ಮುಂದಿನ ಬೇವು ನೆನಪಾಯಿತು. "ಮೊಣಕಾಲ ಮಟ್ಟ ಕಡೀರಿ, ದುಪ್ಪಟ್ಟು ಚಿಗೀತಾವ" ಎಂದುಬಿಟ್ಟ. ಮುಂದಿನ ಬಸ್ಸು ಬರುವುದರೊಳಗೆ ಮಾಡಿ ತೋರಿಸಬೇಕಲ್ಲ. ಕಾಕಿ ತಂಗಿಯ ಬಾಣಂತನಕ್ಕೆ ತವರಿಗೆ ಹೋದಾಗ, ಮಷೀನಿನ ಗರಗಸ ತರಿಸಿ ಮೂವತ್ತೊಂದು ಗಿಡವನ್ನೂ ಒಂದೇ ದಿನ ಕಡಿಸಿದ.

ತಿರುಗಿ ಬಂದ ಕಾಕಿ ಬದುವಿನ ಮೇಲೆ ಕುಳಿತಳು. "ಬಲಿತ ಕರಿಜಾಲಿ ಮೊಣಕಾಲ ಮಟ್ಟ ಕಡಿದ್ರ ಸಾಯ್ತದ. ಕುರಿ ಕಾಯೋರ ಮನಿ ಕೂಸಿಗೂ ಗೊತ್ತದ. ನನಗ ಒಂದ್ ಮಾತು ಕೇಳಬಾರದಿತ್ತೇನ್ರಿ?"

"ಚಿಗೀತಾವ ಬಿಡು" ಎಂದ ಕಾಕಾ.

ಎರಡು ಮಳೆಗಾಲ ಅವಳು ಬೊಡ್ಡೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಒಂದೂ ಚಿಗುರಲಿಲ್ಲ, ಗೆದ್ದಲು ಹತ್ತಿತು. ಈ ವರ್ಷದ ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಹೋಯಿತು.

ಬರಬೇಕಾದ ಬಸ್ಸು ಹೋದ ತಿಂಗಳು ಬಂತು, ಹೊಸ ಸಾಹೇಬರೊಂದಿಗೆ. ಒಣ ಬೊಡ್ಡೆಗಳ ಸಾಲು ನೋಡಿ ಅವರು ಗದರಿದರು: "ಏನಿದು? ಇಲ್ಲಿಯ ಗಿಡ ನೋಡಿಕೊಳ್ಳೋರು ಯಾರು?"

ಕಾಕಾ ಕಾಕಿಯ ಕಡೆ ಕೈ ತೋರಿಸಿದ. "ನಾ ಅಲ್ಲ ರೀ. ಮೊದಲಿಂದ ಗಿಡದ್ದೆಲ್ಲಾ ಇಕೀದೇ."

ಸಾಹೇಬರು ಅವಳ ಹೆಸರು ಕೇಳಿ ಬರೆದುಕೊಂಡರು.