ಹೆತ್ತೂರು ಕಡೆಯ ಹೊಸ್ತಿಲು

ಹಳೇ ಸಾಮಾನಿನ ಹುಚ್ಚು ನನಗೆ ಇವತ್ತು ನಿನ್ನೆಯದಲ್ಲ. ಬೆಳಗೋಡಿನ ಹತ್ತಿರ ನಾವು ಕಟ್ಟಿಸಿದ ಹೊಸ ಮನೆಯ ಹಜಾರದಲ್ಲಿ ತಾಮ್ರದ ಹಂಡೆ, ಯಾವುದೋ ಎಸ್ಟೇಟ್ ಬಂಗಲೆಯ ಬೆತ್ತದ ಕುರ್ಚಿ, ನಿಂತುಹೋದ ಗೋಡೆ ಗಡಿಯಾರ, ಎಲ್ಲ ಸೇರಿದ್ದವು. "ಇದು ಮನೇನೋ ಗುಜರಿ ಅಂಗಡೀನೋ?" ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ರೇಗಿಸಲಿ, ಅವರಿಗೇನು ಗೊತ್ತು!

ಅತ್ತೆಗೆ ಮಾತ್ರ ಇದ್ಯಾವುದೂ ಕಾಣುತ್ತಿರಲಿಲ್ಲ. ಅವರ ಕಣ್ಣು ಪೂರ್ತಿ ಹೋಗಿತ್ತು. ಹಳೇ ಮನೆಯಲ್ಲಿ ಗೋಡೆ ಸವರಿಕೊಂಡೇ ಓಡಾಡಿ, ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚುತ್ತಿದ್ದವರು ಇಲ್ಲಿ ಬೆತ್ತದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಎದ್ದರೂ ನಾನೇ ಗದರಿ ಕೂರಿಸುತ್ತಿದ್ದೆ. ನುಣುಪು ಟೈಲ್ಸು, ಜಾರಿ ಬಿದ್ದರೆ ಏನು ಗತಿ? "ಈ ಮನೇಲಿ ನಂದು ಅಂತ ಏನೈತೆ ಬುಡು" ಎಂದು ಅವರು ಅಂದಾಗ ಸಂಕಟವಾಗುತ್ತಿತ್ತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

ಮೊದಲ ಮಳೆಗೇ ಮುಂಬಾಗಿಲಿನ ಹೊಸ ಚೌಕಟ್ಟು ಉಬ್ಬಿ, ಬಾಗಿಲು ಹಾಕಲು ಬಾರದಾಯಿತು. ಸರಿ, ಸಕಲೇಶಪುರದಲ್ಲಿ ಹಳೇ ಮರ ಮಾರುವ ಭಾಯಿಯ ಹತ್ತಿರ ಹೋದೆ. "ಹೆತ್ತೂರು ಕಡೆ ಮನೆ ಬಿಚ್ಚಿದ್ದು ಕಣಕ್ಕಾ. ಹೊಸ್ತಿಲು ಮಧ್ಯ ಸವ್ದೈತೆ, ಆಮೇಲೆ ಬಯ್ಯಬೇಡಿ" ಎಂದು ಹೊಸ್ತಿಲು ಸಮೇತ ಒಂದು ಹಳೇ ಚೌಕಟ್ಟು ತೋರಿಸಿದರು. ಅದರ ಹೂಬಳ್ಳಿ ಕೆತ್ತನೆಗೆ ಸೋತು ತಂದುಬಿಟ್ಟೆ.

ಅದನ್ನು ಕೂರಿಸಲು ಬಂದ ಬಡಗಿ ಮೂಗು ಮುರಿದ. "ಜನ ತುಳ್ದೂ ತುಳ್ದೂ ಗುಂಡಿ ಬಿದ್ದೈತೆ. ಚೇಳು ಗೀಳು ಒಳಕ್ ಬತ್ತವೆ ಕಣಕ್ಕ, ಉಜ್ಜಿ ಮಟ್ಟ ಮಾಡ್ಬುಡ್ತೀನಿ."

"ಹೂಂ, ಮಾಡು" ಎಂದೆ. ಅವನು ಉಜ್ಜುಗೊರಡು ಎತ್ತಿದ.

"ತಡ್ಯೋ ಮಾರಾಯ!"

ಅತ್ತೆ ಎದ್ದಿದ್ದರು. ಗೋಡೆ ಸವರುತ್ತ ಒಬ್ಬರೇ ಬಂದು, ನೆಲದಲ್ಲಿ ಕೂತು, ಹೊಸ್ತಿಲಿನ ಮೇಲೆ ಆ ತುದಿಯಿಂದ ಈ ತುದಿಗೆ ಅಂಗೈ ಆಡಿಸಿದರು. ಗದರಿ ಎಬ್ಬಿಸಲು ನಾನು ಹತ್ತಿರ ಹೋದೆ.

"ಹೊಸ್ತಿಲು ಯಾರಾನ ತುಳೀತಾರೇನೋ? ದಾಟ್ತಾರೆ. ಇದು ಕಾಲಿಂದ ಸವ್ದಿದ್ದಲ್ಲ, ಕೈಯಿಂದ ಸವ್ದಿದ್ದು. ಬಾ ಇಲ್ಲಿ, ಮುಟ್ಟಿ ನೋಡು" ಎಂದು ನನ್ನ ಕೈ ಹಿಡಿದು ಆ ತಗ್ಗಿಗೆ ಇಟ್ಟರು.

ಕೂತ ಹೆಂಗಸಿನ ಕೈ ಎಲ್ಲಿಯವರೆಗೆ ಎಟಕುತ್ತದೋ ಅಲ್ಲಿಯವರೆಗೇ ಮರ ಸವೆದಿತ್ತು. ಬಗ್ಗಿ ನೋಡಿದರೆ ಮರದ ಎಳೆಯೊಳಗೆ ಅರಿಶಿನ! ಅಬ್ಬಾ, ನಾರಿನಲ್ಲಿ ಉಜ್ಜಿ ಉಜ್ಜಿಯೇ ಇಂಥ ಗಟ್ಟಿ ಮರ ಇಷ್ಟು ಕರಗಬೇಕಾದರೆ ಎಷ್ಟು ಜನ ಸೊಸೆಯಂದಿರು, ಎಷ್ಟು ಬೆಳಗುಗಳು! ಹಜಾರದಲ್ಲಿ ಜೋಡಿಸಿಟ್ಟ ಹಂಡೆ, ಗಡಿಯಾರವೆಲ್ಲ ಮಕ್ಕಳ ಆಟದ ಸಾಮಾನು ಅನ್ನಿಸಿದವು. ಬಡಗಿ ಉಜ್ಜುಗೊರಡು ಕೆಳಗಿಟ್ಟು ಚಪ್ಪಲಿ ಬಿಟ್ಟ.

ಹೊಸ್ತಿಲನ್ನು ಇದ್ದ ಹಾಗೇ ಕೂರಿಸಿದೆವು. ಮಾರನೇ ಬೆಳಗ್ಗೆ ನೀರಿನ ಸದ್ದಿಗೆ ಎದ್ದು ಬಂದೆ. ಅತ್ತೆ ಚೊಂಬು, ನಾರು ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ಅವರ ಕೈ ಆ ತಗ್ಗಿನಲ್ಲಿ, ತಡಕಾಟವೇ ಇಲ್ಲದೆ, ಹೋಗಿ ಬರುತ್ತಿತ್ತು.

"ಜಾರಿ ಬೀಳ್ತೀರ, ಏಳಿ ಅತ್ತೆ, ನಾನು ತೊಳೀತೀನಿ" ಎಂದೆ, ಚಾಳಿ ಬಿಡಬೇಕಲ್ಲ.

"ನೀನು ದಾಟ್ಕೊಂಡು ಹೋಗವ್ವ" ಎಂದರು, ಉಜ್ಜುವುದನ್ನು ನಿಲ್ಲಿಸದೆ. "ಇದು ನಂದು."