ಬೇಕೆಂದು ಕೇಳಿದ ಜಗಳ

ಇದು ಎಂಬತ್ತೊಂದರ ಬೇಸಿಗೆಯಲ್ಲಿ ನಡೆದದ್ದು. ಹಳಿಯಾಳದ ಬಳಿಯ ಸಿದ್ದಿ ಕೇರಿಯೊಂದರಲ್ಲಿ ಪಂಚರು ಜಗಳ ಬಗೆಹರಿಸುವುದನ್ನು ಕಣ್ಣಾರೆ ನೋಡಿ ಬರೆಯುವುದು ನನ್ನ ಕೆಲಸ. ವಾರ ಕಳೆದರೂ ಅಲ್ಲಿ ಯಾರೂ ಜಗಳವಾಡಲಿಲ್ಲ. ಬರಿಗೈಲಿ ಮರಳಿದರೆ ಪ್ರೊಫೆಸರರು ನನ್ನ ಸಂಶೋಧನೆಯನ್ನೇ ನಿಲ್ಲಿಸುತ್ತಿದ್ದರು. ಹಿರಿಯ ಪಂಚರಾದ ಬಸ್ತ್ಯಾವ ಅವರಲ್ಲಿ ಗೋಳು ಹೇಳಿಕೊಂಡೆ.

"ಅದಕ್ಯಾಕ ಚಿಂತಿ ಮಾಡ್ತೀರಿ? ನಾಳೆ ಒಂದು ಹಚ್ಚಿ ತೋರಸ್ತೇವಿ" ಎಂದರು.

ಮರುದಿನ ಪಂಚರು ಕೂತರು. ಅಣ್ಣತಮ್ಮಂದಿರಿಬ್ಬರು ಬೇಲಿಯ ಹಲಸಿನ ಮರಕ್ಕಾಗಿ ಸುಳ್ಳುಜಗಳ ಶುರುಮಾಡಿದರು.

"ಹ್ವಾದ ವರ್ಷ ಹಣ್ಣೆಲ್ಲಾ ನೀನ ತಿಂದಿ" ಎಂದು ತಮ್ಮ ನಕ್ಕ.

ಅಣ್ಣ ನಗಲಿಲ್ಲ. "ಆ ಮರಾ ಅವ್ವ ನನಗ ಕೊಟ್ಟಾಳ."

"ಅವ್ವನ ನೋಡಕೊಂಡಾಂವ ಯಾರಲೇ?"

ಇಬ್ಬರೂ ಪರಸ್ಪರ ಕೊರಳಪಟ್ಟಿ ಹಿಡಿದರು. ನಾನು ಸಂತೋಷದಿಂದ ಬರೆದುಕೊಳ್ಳುತ್ತಿದ್ದೆ.

ಪಂಚರು ಬಿಡಿಸಿ, ಹಣ್ಣು ಸರಿಪಾಲು ಎಂದು ತೀರ್ಮಾನಿಸಿದರು. ಆಮೇಲೆ ಬಸ್ತ್ಯಾವ ನನ್ನತ್ತ ತಿರುಗಿದರು.

"ಜಗಳ ಹಚ್ಚಿದಾಂವ ದಂಡ ಕೊಡೋದು ನಮ್ಮ ಪದ್ಧತಿ, ಸಾಹೇಬ್ರ. ತೆಂಗಿನಕಾಯಿ, ಬೆಲ್ಲ."

"ಹಚ್ಚಿದವರು ನೀವಲ್ಲವೇ?"

"ಬೇಕಂದವರು ಯಾರ್ರೀ?"

ಹಳಿಯಾಳಕ್ಕೆ ಹೋಗಿ ತಂದುಕೊಟ್ಟೆ. ಪಂಚರು ಅಣ್ಣತಮ್ಮಂದಿರನ್ನು ಒಂದೇ ಎಲೆಗೆ ಕೂರಿಸಿ ಕಾಯಿಬೆಲ್ಲ ತಿನ್ನಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದರೂ ತಿಂದರು.

ಪ್ರೊಫೆಸರರಿಗೆ ವರದಿ ಬಹಳ ಹಿಡಿಸಿತು. ಆ ಬೇಸಿಗೆ ಕೇರಿಯಲ್ಲಿ ನಡೆದ ಒಟ್ಟು ಜಗಳ: ಒಂದು.