ಖಣಿ ದಾರಿಯೂ ನಕ್ಷೆಯಿಲ್ಲದ ಜಿಪಿಎಸ್ಸೂ

ಇಂಥ ಅನುಭವ ಹೇಳುವವರು 'ನಂಬುವುದು ಬಿಡುವುದು ನಿಮಗೆ ಸೇರಿದ್ದು' ಎಂದು ಮೊದಲೇ ಕೈ ತೊಳೆದುಕೊಳ್ಳುತ್ತಾರೆ. ನಾನು ಹಾಗೆ ಹೇಳುವವಳಲ್ಲ. ಇದು ನಡೆದದ್ದು. ಜೀಪು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸಿದ್ದಳು. ಜೊತೆಗೆ ಒಂದು ಯಂತ್ರ ಆ ರಾತ್ರಿಯ ದಾರಿಯನ್ನೆಲ್ಲ ಬರೆದುಕೊಂಡಿದೆ. ನಿದ್ದೆಗಣ್ಣು, ಹೆಂಗಸರ ಹೆದರಿಕೆ ಎಂದು ಮೂಗು ಮುರಿಯುವವರು ಇಲ್ಲಿಗೇ ಓದು ನಿಲ್ಲಿಸಬಹುದು.

2008ರ ಮಾತು. ನಾನು ಶಹಾಬಾದಿನ ಒಂದು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಮೂವತ್ತಾರು ವಯಸ್ಸು, ಮದುವೆಯಾಗಿರಲಿಲ್ಲ, ಆಗುವ ಆಸೆಯೂ ಇರಲಿಲ್ಲ. ನಮ್ಮದು ಮಠದ ಪೂಜೆಯ ಮನೆತನ. ಅಂಥ ಮನೆಯ ಮಗಳು ಹಳೆಯ ಜೀಪು ಕೊಂಡು, ರವಿವಾರ ಬಂದರೆ ಚಿಂಚೋಳಿಯ ಕಾಡು, ಕುರಕುಂಟಾ ಕಡೆಯ ಹಳೆಯ ಬಾವಿ ಎಂದು ಹೊರಟುಬಿಟ್ಟರೆ ಊರಿನವರ ಬಾಯಿಗೆ ಇನ್ನೇನು ಬೇಕು?

ಜೀಪಿಗೆ ದುಡ್ಡು ಕೊಟ್ಟವಳು ನಾನು, ಕಾಗದ ಮಾತ್ರ ಅಣ್ಣ ಗುರುರಾಜನ ಹೆಸರಿನಲ್ಲಿ. ಮಾರಿದವನು ಹೆಣ್ಣುಮಗಳ ಹೆಸರಿಗೆ ಬರೆದುಕೊಡಲು ಒಪ್ಪಿರಲಿಲ್ಲ. ಅದೇ ನನ್ನ ಕುತ್ತಿಗೆಗೆ ಬಂದದ್ದು. ಹಿಂದಿನ ವರ್ಷದ ಮಳೆಗಾಲದಲ್ಲೊಮ್ಮೆ ಚಿಮ್ಮನಚೋಡದ ಆಚೆ ಕೆಸರು ದಾರಿಯಲ್ಲಿ ಸಿಕ್ಕಿ, ದಿಕ್ಕು ತಪ್ಪಿ, ಬೆಳಗಿನ ಜಾವಕ್ಕೆ ಮನೆ ಸೇರಿದ್ದೆ. ಅಣ್ಣ ಹೊಸ್ತಿಲಲ್ಲೇ ಕೂತಿದ್ದ.

"ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಟ ಇರಬಾರದು ಪದ್ಮಾ," ಎಂದ. "ಇನ್ನೊಮ್ಮೆ ದಾರಿ ತಪ್ಪಿದ್ರ ಚಾವಿ ನನ್ನ ಕೈಯಾಗ. ಮರುದಿನಾನ ಗಿರಾಕಿ ಕರ್ಕೊಂಡು ಬರ್ತೀನಿ. ರಾತ್ರಿ ಹತ್ತರ ಒಳಗ ಮನ್ಯಾಗ ಇರಬೇಕು, ನೋಡು."

"ತಪ್ಪಂಗಿಲ್ಲ," ಎಂದೆ. ಭೂಗೋಳದ ಟೀಚರ್ ದಾರಿ ತಪ್ಪಿದಳು ಎಂದು ಊರೆಲ್ಲ ನಕ್ಕಿದ್ದು ನನಗೆ ಚುಚ್ಚುತ್ತಿತ್ತು.

ಅದೇ ವಾರ ವಾಡಿಯಲ್ಲಿ ರೈಲು ಹಿಡಿದು ಹೈದರಾಬಾದಿಗೆ ಹೋದೆ. ಅಂಗಡಿಯವನು ಮೊದಲು ದೊಡ್ಡ ಬಣ್ಣದ ಪರದೆಯ ಜಿಪಿಎಸ್ ತೋರಿಸಿದ. ಅದು ಮಾತಾಡುತ್ತಿತ್ತು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು. ಹೈದರಾಬಾದಿನ ಗಲ್ಲಿಗಲ್ಲಿ ಅದರಲ್ಲಿತ್ತು. ಸೇಡಂ ಎಂದು ಹುಡುಕಿದರೆ ಒಂದೇ ಗೆರೆ. ಚಿತ್ತಾಪುರ ಇರಲೇ ಇಲ್ಲ! ಮೇಲಾಗಿ ಅದರ ಬ್ಯಾಟರಿ ಎರಡು ತಾಸೂ ಬಾಳುವುದಿಲ್ಲ, ಗಾಡಿಯ ವೈರಿಗೆ ಜೋತುಬಿದ್ದೇ ಬದುಕಬೇಕು. ಜೀಪು ಬಿಟ್ಟು ಕಾಡಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಅದು ದಂಡ. ಬಿಸಿಲಿನಲ್ಲಿ ಹಿಡಿದು ನೋಡಿದೆ, ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಮೂಲೆಯಲ್ಲಿ ಧೂಳು ಹಿಡಿದ ಇನ್ನೊಂದಿತ್ತು. ಅಂಗೈಯಗಲ, ರಬ್ಬರು ಹೊದಿಕೆ, ಕಪ್ಪು ಬಿಳುಪು ಪರದೆ.

"ಛೋಡೋ ಮೇಡಂ, ಇಸ್ಮೇ ನಕ್ಷಾಚ್ ನೈ," ಎಂದ ಅವನು.

ನಕ್ಷೆ ಇಲ್ಲದಿದ್ದರೇನು? ನಮ್ಮ ಬಂಡಿದಾರಿಗಳ ನಕ್ಷೆ ಯಾವನೂ ಮಾಡಿರಲಿಲ್ಲ. ಈ ಯಂತ್ರ ನಾವು ಹೋದ ದಾರಿಯನ್ನು ಚುಕ್ಕೆ ಚುಕ್ಕೆಯಾಗಿ ಬರೆದುಕೊಳ್ಳುತ್ತದೆ, ಬೇಕೆಂದಾಗ ಅದೇ ಚುಕ್ಕೆಗಳ ಮೇಲೆ ನಡೆಸುತ್ತದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಇಡೀ ದಿನ ನಡೆಯುತ್ತದೆ, ಸೆಲ್ಲು ಯಾವ ಹಳ್ಳಿಯಲ್ಲೂ ಸಿಗುತ್ತವೆ. ನೀರು ಬಿದ್ದರೂ ಕೆಡುವುದಿಲ್ಲ. ಕೈಯಲ್ಲಿ ಹಿಡಿದು ಬೀದಿಯ ಕೊನೆಯ ತನಕ ನಡೆದು, ಅಲ್ಲಿಂದ ಕಣ್ಣು ಪರದೆಯಲ್ಲಿಟ್ಟು ಅಂಗಡಿಗೆ ವಾಪಸು ಬಂದೆ. ಬೆಲೆ ಆ ಮಾತಾಡುವ ಡಬ್ಬಿಯ ಅರ್ಧಕ್ಕೂ ಕಡಿಮೆ. ಅದನ್ನೇ ಕೊಂಡೆ, ಇವತ್ತಿಗೂ ಆ ಆಯ್ಕೆ ತಪ್ಪು ಎಂದು ಒಪ್ಪುವುದಿಲ್ಲ.

ಸಂಕ್ರಾಂತಿ ರಜೆಯಲ್ಲಿ ಕಂಡ ಕಂಡ ದಾರಿಯನ್ನೆಲ್ಲ ಅದರಲ್ಲಿ ಬರೆದಿಟ್ಟೆ. ಕಾಗಿಣಾ ಹೊಳೆಯ ಸೇತುವೆಯ ಈಚೆಯಿಂದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳ ನಡುವೆ ಹಾದು ನಮ್ಮೂರ ಪಕ್ಕದ ಭಂಕೂರ ಮುಟ್ಟುವ ಬಂಡಿದಾರಿಯನ್ನೂ ಬರೆದಿಟ್ಟೆ.

ಆಮೇಲೆ ನವೆಂಬರಿನ ಆ ಶನಿವಾರ ಬಂತು. ಚಿಂಚೋಳಿ ಕಾಡಿಗೆ ನನ್ನ ಜೊತೆ ಬಂದವಳು ಕಾಶಮ್ಮ. ನಮ್ಮ ಶಾಲೆಯ ಆಯಾ, ಭಂಕೂರದವಳು. ತವರು ಕಾಗಿಣಾ ದಂಡೆಯ ಮನೆತನ, ತುಂಬಿದ ಹೊಳೆಯಲ್ಲಿ ಈಸು ಬಿದ್ದು ಬೆಳೆದವಳು. ಯಾವುದಕ್ಕೂ ಹೆದರುವ ಪೈಕಿಯವಳಲ್ಲ.

ಬರುವಾಗ ಸೇಡಂ ಮುಟ್ಟುವ ಮೊದಲೇ ಟೈರು ಪಂಕ್ಚರ್. ಚಿತ್ತಾಪುರ ದಾಟಿದಾಗಲೇ ಕತ್ತಲೆ, ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಕಾಗಿಣಾ ಸೇತುವೆ ದಾಟಿದರೆ... ಫರಸಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿತ್ತು. ಹಿಂದೆ ಮುಂದೆ ಗಾಡಿಗಳ ಸಾಲು. ಗಡಿಯಾರ ನೋಡಿದೆ. ಒಂಬತ್ತೂ ಹತ್ತು ನಿಮಿಷ.

ಮನೆ ಅಷ್ಟೇನೂ ದೂರವಿರಲಿಲ್ಲ. ಹತ್ತರೊಳಗೆ ಹೋಗದಿದ್ದರೆ ಜೀಪು ಹೋಯಿತು. ನನ್ನ ರವಿವಾರಗಳೂ ಹೋದವು.

"ಖಣಿ ದಾರಿ ಹಿಡಿಯೋಣ. ನಿನ್ನ ಭಂಕೂರದಾಗ ಇಳಿಸಿ ಹಿಂದಿನಿಂದ ಊರೊಳಗ ಹೋಗ್ತೀನಿ," ಎಂದೆ.

ಕಾಶಮ್ಮ ನನ್ನನ್ನೇ ದಿಟ್ಟಿಸಿದಳು. "ಬ್ಯಾಡ್ರಿ ಅಕ್ಕೋರ. ಖಣಿ ದಾರಿ ಹೋದ ವರ್ಸ ಇದ್ದಲ್ಲಿ ಈ ವರ್ಸ ಇರಂಗಿಲ್ರಿ. ಕಲ್ಲು ಎಲ್ಲಿ ಛಲೋ ಸಿಗ್ತದ, ಅಲ್ಲಿ ಕಡೀತಾರ. ದಾರಿ ಗೀರಿ ನೋಡಂಗಿಲ್ಲ."

"ಇದರಾಗ ಬರದಿಟ್ಟೀನಿ," ಎಂದು ಜಿಪಿಎಸ್ ತೋರಿಸಿದೆ.

"ಅದು ಸಂಕ್ರಾಂತಿಗಿ ಬರದದ್ದು. ಈಗ ದೀಪಾಳಿ ಆಗ್ಯಾದ್ರಿ..."

ಶಹಾಬಾದಿನ ಹಸುಗೂಸಿಗೂ ಗೊತ್ತಿರುವ ಮಾತು ಅದು. ನನಗೂ ಗೊತ್ತಿತ್ತು. ಆದರೂ ಸ್ಟೇರಿಂಗು ಬಲಕ್ಕೆ ತಿರುಗಿಸಿದೆ. ಹಟ ಎನ್ನುವುದಾದರೆ ಅನ್ನಿ.

ಅಮಾವಾಸ್ಯೆ ಹತ್ತಿರದ ಕತ್ತಲೆ. ಎರಡೂ ಬದಿಗೆ ಒಡೆದ ಕಲ್ಲಿನ ಗುಡ್ಡೆಗಳು. ಜೀಪು ಎತ್ತಿ ಎತ್ತಿ ಹಾಕುತ್ತಿತ್ತು. ಪರದೆಯ ಮೇಲೆ ಹಳೆಯ ಚುಕ್ಕೆಗಳ ಸಾಲು, ಅದರ ಮೇಲೇ ನಮ್ಮ ಬಾಣದ ಗುರುತು. ಸರಿಯಾಗಿಯೇ ಹೋಗುತ್ತಿದ್ದೆವು.

ಆಮೇಲೆ... ಕುಲುಕಾಟ ನಿಂತಿತು.

ನಿಧಾನವಾಗಿ ಕಡಿಮೆಯಾದದ್ದಲ್ಲ. ಒಮ್ಮೆಲೇ ನಿಂತಿತು. ಪಾಲಿಶ್ ಮಾಡಿದ ನೆಲದ ಮೇಲೆ ಹೋದಂತೆ ಜೀಪು ಸರ್ರನೆ ಸಾಗತೊಡಗಿತು. ಚಕ್ರದ ಸದ್ದೇ ಬದಲಾಯಿತು, ಕೆಳಗೆ ಟೊಳ್ಳಿರುವ ಹಲಗೆಯ ಮೇಲೆ ಹೋದ ಸದ್ದು.

"ರೋಡು ಮಾಡ್ಯಾರೇನು ಇಲ್ಲಿ?" ಎಂದೆ.

ಕಾಶಮ್ಮ ಬಗ್ಗಿ ಹೊರಗೆ ನೋಡಿದಳು.

ಹೆಡ್‌ಲೈಟಿನ ಬೆಳಕು ಮುಂದೆ ಬೀಳುತ್ತಿತ್ತು, ಆದರೆ ಯಾವುದರ ಮೇಲೂ ಬೀಳುತ್ತಿರಲಿಲ್ಲ. ಕಲ್ಲಿಲ್ಲ, ಹುಲ್ಲಿಲ್ಲ, ಗಾಲಿಯ ಗುರುತಿಲ್ಲ. ಮೂಗಿಗೆ ತಣ್ಣನೆಯ ವಾಸನೆ ಬಡಿಯಿತು. ಪಾಚಿಗಟ್ಟಿದ ನೀರಿನ ವಾಸನೆ, ಅದರೊಳಗೆ ಆಗತಾನೇ ಸೀಳಿದ ಕಲ್ಲಿನ ಸುಟ್ಟ ವಾಸನೆ.

ಕಪ್ಪೆಗಳು ವಟಗುಟ್ಟುತ್ತಿದ್ದವು. ಎಡಕ್ಕೂ ಬಲಕ್ಕೂ... ಮತ್ತು ಬಹಳ ಕೆಳಗೆ. ಬಾವಿಯ ಕಟ್ಟೆಯ ಮೇಲೆ ನಿಂತಾಗ ಒಳಗಿನಿಂದ ಕೇಳುವಷ್ಟು ಕೆಳಗೆ.

ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಂದರಬ್ಯಾಡ್ರಿ..."

ಗಂಡಸಿನ ದನಿ. ಗದರಿಸುವ ದನಿಯಲ್ಲ. ಖಣಿಯಲ್ಲಿ ಲಾರಿಗೆ ದಾರಿ ತೋರಿಸುವವರು ಹೇಳುವಂತೆ, ಸಾವಕಾಶವಾಗಿ, ಕೆಲಸದ ದನಿ. "ನಿಂದರಬ್ಯಾಡ್ರಿ... ಸೀದಾ ನಡೀರಿ... ಬರ್ರಿ, ಹಾಂ, ಬರ್ರಿ..."

ಮುಂದೆ ಯಾರೂ ಇರಲಿಲ್ಲ. ಆ ದನಿ ಬಂದದ್ದು ಕೆಳಗಿನಿಂದ. ನನ್ನ ಸೀಟಿನ ಕೆಳಗೆ, ಜೀಪಿನ ಕೆಳಗೆ, ಅದಕ್ಕೂ ಕೆಳಗೆ.

ಹೆದರಿದೆ, ಸುಳ್ಳೇಕೆ ಹೇಳಲಿ? ಕಾಲು ಬ್ರೇಕಿನ ಮೇಲೇ ಇತ್ತು. ಕಾಶಮ್ಮ ಬಗ್ಗಿ ಎರಡೂ ಕೈಯಿಂದ ನನ್ನ ಮೊಣಕಾಲು ಹಿಡಿದು ಎತ್ತಿದಳು.

"ಒತ್ತಬ್ಯಾಡ್ರಿ ಅಕ್ಕೋರ," ಉಸಿರಿನಷ್ಟೇ ದನಿಯಲ್ಲಿ ಅಂದಳು. "ನಿಮ್ಮ ಕಾಲು ಬೀಳ್ತೀನಿ. ಕೆಳಗ ನೋಡಬ್ಯಾಡ್ರಿ."

ನಾನು ಪರದೆಯನ್ನೇ ನೋಡಿದೆ. ಚುಕ್ಕೆ... ಚುಕ್ಕೆ... ಚುಕ್ಕೆ... ಬಾಣ ಅದರ ಮೇಲೇ ಇತ್ತು. ಸಿಟ್ಟು ಎಲ್ಲಿಂದ ಬಂತೋ ಗೊತ್ತಿಲ್ಲ. "ಸೀದಾ ನಡೀತೀನಿ," ಎಂದು ಜೋರಾಗಿ ಹೇಳಿದೆ, ಕೆಳಗಿದ್ದವರಿಗೆ. "ನಾ ಯಾಕ ನಿಂದರಲಿ?"

ಢಬ್ ಎಂದಿತು ಜೀಪು. ಹಲ್ಲಿಗೆ ಹಲ್ಲು ಬಡಿಯಿತು. ಮತ್ತೆ ಕಲ್ಲು, ಮತ್ತೆ ಗುಂಡಿ, ಮತ್ತೆ ಕುಲುಕಾಟ! ಎದುರಿಗೆ ಭಂಕೂರದ ಬೀದಿ ದೀಪ ಕಂಡಿತು. ಆ ಕುಲುಕಾಟಕ್ಕೆ ನಾನು ಅತ್ತುಬಿಟ್ಟೆ.

ಒಂಬತ್ತೂ ಐವತ್ತಕ್ಕೆ ಮನೆ ಮುಟ್ಟಿದೆ. ಅಣ್ಣ ಗಡಿಯಾರ ನೋಡಿ ಕೈ ಚಾಚಿದ. "ಅದರಾಗ ದಾರಿ ಬರೀತದಂತಲ್ಲ, ಇಲ್ಲಿ ಕೊಡು. ಎಲ್ಲೆಲ್ಲಿ ಸುತ್ತಿ ಬಂದೀದಿ ನಾಳಿ ನೋಡ್ತೀನಿ. ಚಾವಿನೂ ಇಡು." ಎರಡನ್ನೂ ಕೊಟ್ಟು ಮಲಗಿದೆ. ಮಲಗಿದೆ ಅಷ್ಟೇ, ನಿದ್ದೆ ಬರಲಿಲ್ಲ.

ಮರುದಿನ ಬೆಳಗು ಹರಿಯುವ ಮೊದಲೇ ಕಾಶಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದಳು. ತಲೆ ಮೇಲೆ ಸೆರಗು, ಕಣ್ಣು ಕೆಂಪು. "ನಡೀರಿ, ನೋಡಕೊಂಡು ಬರೋಣ," ಎಂದಳು. ಇಬ್ಬರೂ ನಡೆದೇ ಹೋದೆವು.

ನಮ್ಮ ಟೈರಿನ ಗುರುತು ಇಬ್ಬನಿ ಬಿದ್ದ ಧೂಳಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಭಂಕೂರದ ಕಡೆಯಿಂದ ಅದರ ಜಾಡು ಹಿಡಿದು ಹಿಂದಕ್ಕೆ ಹೋದೆವು... ಒಂದು ಅಂಚಿನಲ್ಲಿ ಗುರುತು ನಿಂತಿತು.

ಮುಂದೆ ಖಣಿ. ಪದರು ಪದರಾಗಿ ಕಡಿದ ನೆಟ್ಟನೆಯ ಗೋಡೆಗಳು, ಕೆಳಗೆ ಮಳೆಯ ಹಸಿರು ನೀರು. ನಮ್ಮ ಶಾಲೆಯ ಅಂಗಳದಷ್ಟು ಅಗಲ. ಆ ಕಡೆಯ ಅಂಚಿನಿಂದ ಮತ್ತೆ ಟೈರಿನ ಗುರುತು ಶುರುವಾಗಿತ್ತು.

ಅಲ್ಲೇ ಕಲ್ಲು ಜೋಡಿಸುತ್ತಿದ್ದ ಮುದುಕನನ್ನು ಕೇಳಿದೆ. "ಬ್ಯಾಸಿಗ್ಯಾಗ ಕಡದ್ರವ್ವಾ. ಮೊದಲ ಇದರ ಮ್ಯಾಲೇ ಬಂಡಿದಾರಿ ಇತ್ತು," ಎಂದ.

"ಇದರಾಗ ಯಾರರೆ ಸತ್ತಾರೇನು?" ಕಾಶಮ್ಮ ಕೇಳಿದಳು.

"ಏ, ಬಿಡ್ತು ಅನ್ನು! ಒಬ್ಬರಿಗಿ ಉಗುರು ಸೈತ ಮುಕ್ಕಾಗಿಲ್ಲ," ಎಂದು ಮುದುಕ ಬೈದ.

ಆಮೇಲೆ ಎಷ್ಟೋ ಮಂದಿಯನ್ನು ಕೇಳಿದೆ. ಯಾರೂ ಸತ್ತಿಲ್ಲ. ಇಂಥ ಕಥೆಗಳಿಗೆ ಬೇಕಾಗುವ ಹೆಣ ಆ ಖಣಿಯಲ್ಲಿಲ್ಲ. ಹಾಗಾದರೆ ಆ ದನಿ ಯಾರದು?

ಮನೆಗೆ ಬರುವಷ್ಟರಲ್ಲಿ ಅಣ್ಣ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಜಿಪಿಎಸ್ ನೋಡುತ್ತಿದ್ದ.

"ಇವು ಸಂಕ್ರಾಂತಿಗಿ ಹೋದ ಚುಕ್ಕಿ, ಇವು ನಿನ್ನಿ ರಾತ್ರೀವು. ಹೌದಲ್ಲ?" ಎಂದ. "ಒಂದರ ಮ್ಯಾಲೆ ಒಂದು ಕೂತಾವ. ಒಂದು ಕಡಿನೂ ಡೊಂಕಾಗಿಲ್ಲ. ಅಮಾಸಿ ಕತ್ಲ್ಯಾಗ ಗೆರಿ ಹೊಡದಂಗ ಸೀದಾ ಬಂದೀಯಲ್ಲವಾ!"

ಅವನು ಕನ್ನಡಕ ತೆಗೆದ.

"ನಂದಽ ತಪ್ಪು," ಎಂದು ಚಾವಿ ಮುಂದೆ ಹಿಡಿದ. ಅಣ್ಣನ ಬಾಯಿಂದ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಸೋಮವಾರ ಕಾಗದನೂ ನಿನ್ನ ಹೆಸರಿಗಿ ಮಾಡಸ್ತೀನಿ. ನೀ ದಾರಿ ತಪ್ಪಾಕಿ ಅಲ್ಲ."

ಬಾಯಿ ಬಿಟ್ಟರೆ ಜೀಪು ಹೋಗುತ್ತಿತ್ತು. ಬಾಯಿ ಮುಚ್ಚಿ ಚಾವಿ ತೆಗೆದುಕೊಂಡೆ. ಅದಕ್ಕೆ ನಾಚಿಕೆಯಿಲ್ಲ. ನಾನು ದಾರಿ ತಪ್ಪಿರಲಿಲ್ಲ, ದಾರಿಯೇ ಅಲ್ಲಿರಲಿಲ್ಲ.

ಉಪಗ್ರಹದ ಸಂಪರ್ಕ ತಪ್ಪಿದರೆ ಯಂತ್ರ ಎರಡು ಚುಕ್ಕೆಗಳ ನಡುವೆ ತಾನೇ ಗೆರೆ ಎಳೆಯುತ್ತದೆ ಎಂದು ನನಗೆ ಪಾಠ ಹೇಳಲು ಬರುವವರಿದ್ದಾರೆ. ಗೊತ್ತಿದೆ. ಶಾಲೆಯ ಕಂಪ್ಯೂಟರಿಗೆ ಹಾಕಿ ನೋಡಿದ್ದೇನೆ. ಖಣಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೊಂದು ಚುಕ್ಕೆಯೂ ಇದೆ, ಪ್ರತಿಯೊಂದಕ್ಕೂ ವೇಳೆ ಇದೆ, ಎತ್ತರ ಎಲ್ಲಿಯೂ ಇಳಿದಿಲ್ಲ. ಟೈರಿನ ಗುರುತಿಗೆ ಯಾವ ಉಪಗ್ರಹದ ಕಥೆ ಹೇಳುತ್ತಾರೆ?

ಕಾಶಮ್ಮ ಅಂದಿನಿಂದ ನನ್ನ ಜೀಪು ಹತ್ತಿಲ್ಲ. ನಿಂಬೆಹಣ್ಣು ಕಟ್ಟಿರಿ ಎಂದಳು, ಕಟ್ಟಲಿಲ್ಲ. ಹೋಗುವುದು ಬಿಡಿರಿ ಎಂದಳು, ಬಿಟ್ಟಿಲ್ಲ. ಜೀಪು ಈಗ ನನ್ನ ಹೆಸರಿನಲ್ಲಿದೆ. ಚಿಂಚೋಳಿ ಕಾಡಿನ ಎಂಥ ಕೆಟ್ಟ ದಾರಿಯಲ್ಲೂ ನಾನು ಹಾಯಾಗಿ ಹೋಗುತ್ತೇನೆ. ನೆಲ ಗುದ್ದುತ್ತಿದ್ದರೆ ಧೈರ್ಯ.

ಆದರೆ ಈಗೀಗ ನಮ್ಮ ಕಡೆಯೂ ರಸ್ತೆಗಳು ಸುಧಾರಿಸುತ್ತಿವೆ. ಹೊಸ ಡಾಂಬರಿನ ಮೇಲೆ ಜೀಪು ನುಣ್ಣಗೆ ಸಾಗತೊಡಗಿದರೆ ಕಿಟಕಿ ಏರಿಸಿ, ರೇಡಿಯೊ ಜೋರು ಮಾಡುತ್ತೇನೆ. ಕೆಳಗಿನಿಂದ ಮತ್ತೆ ಆ ದನಿ ಬಂದು, ಈ ಸಲ ಅದು 'ನಿಲ್ಲಿಸ್ರಿ' ಅಂದರೆ ಏನು ಮಾಡಬೇಕೆಂದು ನನಗಿನ್ನೂ ತಿಳಿದಿಲ್ಲ.